ಹೆಂಡತಿಗೆ ಟೂರ್, ನನಗೆ ಊರು

ಗಂಡ ಹೆಂಡತಿ ಒಟ್ಟಿಗೆ ಊರು ನೋಡಬೇಕೆಂದರೆ ರಜೆ ಹಾಕಿ ಹೊರಡುವುದಕ್ಕಿಂತ, ಇಬ್ಬರಲ್ಲಿ ಒಬ್ಬರ ಆಫೀಸ್ ಟೂರಿಗೆ ಇನ್ನೊಬ್ಬರು ಅಂಟಿಕೊಂಡು ಹೋಗುವುದೇ ಮೇಲು. ಹೀಗೆಂದರೆ ಸ್ನೇಹಿತರು ನಗುತ್ತಾರೆ. ‘ಅವರು ಬೆಳಗಿನಿಂದ ಸಂಜೆವರೆಗೆ ದುಡೀತಾರೆ, ನೀನು ರೂಮಿನಲ್ಲಿ ಟಿವಿ ನೋಡ್ತೀಯ. ಇದೆಂಥ ಪ್ರವಾಸ ಮಾರಾಯ?’ ಎನ್ನುತ್ತಾರೆ. ಈ ವಾರದ ಅಂಕಣ ಅವರಿಗೆ ಉತ್ತರ.

ನನ್ನ ಹೆಂಡತಿ ಬ್ಯಾಂಕೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾಳೆ. ಒಂದು ಬ್ರಾಂಚಿನ ಲೆಕ್ಕಕ್ಕೆ ಕೂತರೆ ವಾರಗಟ್ಟಲೆ ಅಲ್ಲೇ ಮೊಕ್ಕಾಂ. ನಾನು ಬರೆದು ಬದುಕುವವನು. ಎಲ್ಲಿ ಕೂತು ಬರೆದರೂ ನಡೆಯುತ್ತದೆ. ಆಕೆಯ ಟೂರ್ ಪ್ರೋಗ್ರಾಂ ಬಂದ ಸಂಜೆಯೇ ನಾನು ಮ್ಯಾಪ್ ತೆರೆದು ಕೂರುತ್ತೇನೆ. ಹೋಟೆಲ್ ಕೌಂಟರಿನಲ್ಲಿ ಮಾತ್ರ ರಿಜಿಸ್ಟರ್ ಪುಸ್ತಕ ಈಗಲೂ ನನ್ನ ಕಡೆಗೇ ತಿರುಗುತ್ತದೆ: ‘ಸಾರ್, ಯಾವ ಕಂಪನಿ?’ ನಾನು ಪಕ್ಕಕ್ಕೆ ಸರಿದು ಆಕೆಗೆ ಪೆನ್ನು ಕೊಡುತ್ತೇನೆ.

ರಜೆಯ ಪ್ರವಾಸದಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಕೂತು ಒಂದೇ ಗೋಪುರ ನೋಡುತ್ತಾರೆ. ರಾತ್ರಿ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಕಾಲುನೋವಿನ ಹೊರತು ಏನೂ ಉಳಿದಿರುವುದಿಲ್ಲ. ಟೂರಿನಲ್ಲಿ ಹಾಗಲ್ಲ. ಹಗಲಿಡೀ ಊರಿನ ಹೊರಮೈಯನ್ನು ನಾನು ನೋಡಿರುತ್ತೇನೆ, ಒಳಮಾತನ್ನು ಆಕೆ ಕೇಳಿರುತ್ತಾಳೆ. ಗಿರಾಕಿಗಳ ಲೆಕ್ಕ ಆಕೆ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಊಟದ ಹೊತ್ತಿಗೆ ಬ್ರಾಂಚಿನವರ ಡಬ್ಬಿಗಳು ತೆರೆದಾಗ ಮಾತೂ ತೆರೆಯುತ್ತದೆ. ಯಾವ ಅಂಗಡಿಯ ತಿಂಡಿ ಚೆನ್ನ, ಮದುವೆ ಸೀರೆಗೆ ಊರಿನವರು ಎಲ್ಲಿಗೆ ಹೋಗುತ್ತಾರೆ, ಪ್ರವಾಸಿಗರಿಗೆ ಮಾತ್ರ ಮೀಸಲಾದ ಮೋಸದ ಜಾಗ ಯಾವುದು, ಎಲ್ಲ ಆಕೆಯ ಕಿವಿಗೆ ಬೀಳುತ್ತದೆ. ಇಂಥ ಸುದ್ದಿ ಯಾವ ಗೈಡಿನಲ್ಲೂ ಸಿಗದು.

ಉದಾಹರಣೆಗೆ ಅಹಮದಾಬಾದ್. ವ್ಯಾಪಾರದ ಊರು, ಆಫೀಸ್ ಕೆಲಸಕ್ಕೆ ಹೋಗುವವರೇ ಹೆಚ್ಚು. 1411ರಲ್ಲಿ ಅಹಮದ್ ಶಾ ಕಟ್ಟಿದ ಈ ಕೋಟೆ ಊರು 2017ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ನಗರವಾಯಿತು. ಭಾರತದಲ್ಲಿ ಆ ಮನ್ನಣೆ ಮೊದಲು ಪಡೆದ ನಗರ ಇದೇ. ಆಕೆ ಬ್ರಾಂಚಿಗೆ ಹೊರಡುವ ಮೊದಲೇ ನಾನು ಕಾಲುಪುರದ ಸ್ವಾಮಿನಾರಾಯಣ ಮಂದಿರದ ಮುಂದಿರುತ್ತೇನೆ. ಅಲ್ಲಿಂದ ಜಾಮಾ ಮಸೀದಿಯವರೆಗೆ 1997ರಿಂದ ಮಹಾನಗರ ಪಾಲಿಕೆಯ ಹೆರಿಟೇಜ್ ವಾಕ್ ನಡೆಯುತ್ತಿದೆ. ದಾರಿಯುದ್ದಕ್ಕೂ ‘ಪೋಳ್’ಗಳು, ಎಂದರೆ ಒಂದೇ ಹೆಬ್ಬಾಗಿಲಿನ ಹಿಂದೆ ಹತ್ತಾರು ಮನೆ ಬಚ್ಚಿಟ್ಟುಕೊಂಡ ಕೇರಿಗಳು. ಓಣಿ ಎಷ್ಟು ಕಿರಿದೆಂದರೆ ಮಧ್ಯಾಹ್ನದಲ್ಲೂ ನೆರಳು ನೆಲ ಬಿಡುವುದಿಲ್ಲ. ನಡುವೆ ಹಕ್ಕಿಗಳಿಗೆ ಕಾಳು ಹಾಕಲೆಂದೇ ಕಂಬದ ಮೇಲೆ ಕೆತ್ತಿ ನಿಲ್ಲಿಸಿದ ಚಬೂತರಾಗಳು.

ಶಾಹಿಬಾಗ್‌ನ ಕ್ಯಾಲಿಕೊ ಮ್ಯೂಸಿಯಂ ಒಂಟಿಯಾಗಿ ನೋಡಬೇಕಾದ ಜಾಗ. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ 1949ರಲ್ಲಿ ಆರಂಭಿಸಿದ ಈ ಬಟ್ಟೆ ಸಂಗ್ರಹಾಲಯಕ್ಕೆ ಮೊದಲೇ ಹೆಸರು ಬರೆಸಬೇಕು. ಒಮ್ಮೆಗೆ ಕೆಲವೇ ಮಂದಿಗೆ ಪ್ರವೇಶ, ಫೋನು ಒಳಗೆ ಬರುವಂತಿಲ್ಲ. ಕಲಂಕಾರಿ, ಪಟೋಲಾ, ಮೊಘಲರ ಡೇರೆಯ ಬಟ್ಟೆಗಳ ನಡುವೆ ನಿಂತಾಗ ‘ಹೊತ್ತಾಯ್ತು, ನಡೀರಿ’ ಎನ್ನುವವರು ಪಕ್ಕದಲ್ಲಿರಬಾರದು. ಆಶ್ರಮ ರಸ್ತೆಯ ಗಿರಣಿ ಮಾಲೀಕರ ಸಂಘದ ಕಟ್ಟಡವಾದರೆ ಹತ್ತು ನಿಮಿಷ ಸಾಕು. ವಾಸ್ತುಶಿಲ್ಪಿ ಲ ಕಾರ್ಬುಸಿಯೆ ವಿನ್ಯಾಸದಂತೆ 1954ರಲ್ಲಿ ಕಟ್ಟಿದ್ದು. ರಸ್ತೆ ಬದಿಯಲ್ಲಿ ಓರೆಯಾಗಿ ನಿಲ್ಲಿಸಿದ ಕಾಂಕ್ರೀಟ್ ಹಲಗೆಗಳು ಬಿಸಿಲನ್ನು ತಡೆದು ಗಾಳಿಯನ್ನು ಒಳಕ್ಕೆ ಬಿಡುತ್ತವೆ.

ಹಿಂಬಾಲಿಸಿ ಹೋದವನ ನಿಜವಾದ ಕೆಲಸ ಇರುವುದು ಇಲ್ಲೇ. ಹಗಲು ಹತ್ತು ಜಾಗ ನೋಡಿ, ಒಂಬತ್ತನ್ನು ತಾನಿಟ್ಟುಕೊಂಡು, ಒಂದನ್ನು ಸಂಜೆಗೆ ಆರಿಸಬೇಕು. ದುಡಿದು ದಣಿದು ಬಂದವರ ಮುಂದೆ ಪಟ್ಟಿ ಹಿಡಿಯುವುದು ಹಿಂಸೆ. ಆರಿಸಿದ ಜಾಗ ಹತ್ತಿರವಿರಬೇಕು, ಮೆಟ್ಟಿಲು ಕಡಿಮೆ ಇರಬೇಕು, ಸಂಜೆಯಲ್ಲೇ ಚೆನ್ನಾಗಿ ಕಾಣುವಂಥದ್ದಾಗಿರಬೇಕು. ಅಹಮದಾಬಾದಿನಲ್ಲಿ ಅಂಥದ್ದು 1573ರ ಸುಮಾರಿನ ಸಿದಿ ಸಯ್ಯದ್ ಮಸೀದಿ. ಮರವೊಂದರ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡಂತೆ ಕೊರೆದ ಅದರ ಕಲ್ಲಿನ ಜಾಲಿ ಪಶ್ಚಿಮದ ಗೋಡೆಯಲ್ಲಿದೆ. ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ; ಹೊರಗಿನಿಂದ ನೋಡಿದರೂ ಸಾಕು. ಅಲ್ಲಿಂದ ಮಾಣೆಕ್ ಚೌಕ್. ಹಗಲು ಚಿನ್ನ ಬೆಳ್ಳಿ ಮಾರುವ ಬೀದಿ, ಅಂಗಡಿಗಳು ಬಾಗಿಲು ಹಾಕಿದ ಮೇಲೆ ತಿಂಡಿ ಬೀದಿ. ‘ಗ್ವಾಲಿಯರ್ ದೋಸೆ’ ಎಂಬ ಹೆಸರಿನಲ್ಲಿ ಬೆಣ್ಣೆ, ತರಕಾರಿ, ಚೀಸ್ ಎಲ್ಲ ಸೇರಿಸಿ ಕಾವಲಿಯ ಮೇಲೆ ಅರೆಯುವುದನ್ನು ನೋಡಿ ನನ್ನಾಕೆ ಕೊಟ್ಟ ಆಡಿಟ್ ವರದಿ: ‘ರುಚಿಗೆ ಆಕ್ಷೇಪಣೆ ಇಲ್ಲ. ದೋಸೆ ಅನ್ನೋದಕ್ಕೆ ಮಾತ್ರ ದಾಖಲೆ ಸಾಲದು ಕಣ್ರೀ.’

ದೂರದ್ದನ್ನು ಶನಿವಾರಕ್ಕೆ ಬಿಡಬೇಕು. ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಟೂರ್ ಅದರ ಆಚೀಚೆ ಬಿದ್ದರೆ ಎರಡು ಇಡೀ ದಿನ ಕೈಗೆ ಬಂದಂತೆ. ಹಾಗೆ ಇಬ್ಬರೂ ಹೋಗಬೇಕಾದದ್ದು ನಗರದ ಉತ್ತರಕ್ಕೆ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಅಡಾಲಜ್‌ನ ಮೆಟ್ಟಿಲು ಬಾವಿಗೆ. ರಾಣಿ ರೂಡಾಬಾಯಿ 1498ರ ಸುಮಾರಿಗೆ ಗಂಡನ ನೆನಪಿಗೆ ಕಟ್ಟಿಸಿದ್ದೆಂದು ಜನ ಹೇಳುತ್ತಾರೆ. ಐದು ಅಂತಸ್ತು ಕೆಳಕ್ಕೆ ಇಳಿದಂತೆ ಗುಜರಾತಿನ ಸೆಕೆ ಒಂದೊಂದೇ ಮೆಟ್ಟಿಲಿಗೆ ಕಳಚುತ್ತ ಹೋಗುತ್ತದೆ.

ಟೂರ್ ಎಂದರೆ ಅಹಮದಾಬಾದೇ ಆಗಬೇಕಿಲ್ಲ. ಮೈಸೂರು ಸಿವಿಲ್ ಸರ್ವಿಸಿನಲ್ಲಿದ್ದ ಮಾಸ್ತಿ, ನವರತ್ನ ರಾಮರಾಯರ ಕಾಲದಿಂದಲೂ ನಮ್ಮಲ್ಲಿ ನೌಕರಿಯ ಸುತ್ತಾಟವೇ ನಾಡು ನೋಡುವ ದಾರಿ. ವಿಜಯಪುರದಲ್ಲಿ ಕೆಲಸ ಬಿದ್ದರೆ ಗೋಳಗುಮ್ಮಟಕ್ಕೆ ಇಬ್ಬರೂ ಬೆಳಗ್ಗೆ ಬೇಗನೆ, ಶಾಲಾ ಮಕ್ಕಳ ಬಸ್ಸು ಬರುವ ಮೊದಲೇ ಹತ್ತಬೇಕು. ಆಮೇಲೆ ಅಲ್ಲಿ ಪಿಸುಮಾತು ಕೇಳಿಸದು, ಕೂಗಾಟವೇ. ಸಂಜೆಗೆ ಇಬ್ರಾಹಿಂ ರೋಜಾ. ಎರಡನೆಯ ಇಬ್ರಾಹಿಂ ಆದಿಲ್ ಶಾ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಲು ತೊಡಗಿದ್ದು. ಕೊನೆಗೆ ಇಬ್ಬರ ಗೋರಿಯೂ ಅಲ್ಲೇ. ಹುಬ್ಬಳ್ಳಿಯಲ್ಲಿ ಮೊಕ್ಕಾಂ ಆದರೆ ರಾಷ್ಟ್ರಧ್ವಜ ಸಿದ್ಧವಾಗುವ ಬೆಂಗೇರಿಯ ಖಾದಿ ಸಂಘ ನನ್ನ ಹಗಲಿಗೆ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಮ್ಮಿಬ್ಬರ ಸಂಜೆಗೆ.

ಊರಿಗಿಂತ ಮೊದಲು ವಾರ ನೋಡಿ. ಕ್ಯಾಲಿಕೊಗೆ ಬುಧವಾರ ರಜೆ. ಹೈದರಾಬಾದಿನ ಸಾಲಾರ್ ಜಂಗ್ ಮತ್ತು ಚೆನ್ನೈ ಎಗ್ಮೋರಿನ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತವೆ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೂ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂಗೂ ಸೋಮವಾರ. ಇದು ಗೊತ್ತಿಲ್ಲದೆ ಹೋದರೆ ಗೇಟಿನ ಕಾವಲುಗಾರನ ದರ್ಶನವಷ್ಟೇ ಲಾಭ.

ಇನ್ನು ದುಡ್ಡಿನ ಮಾತು. ಲೆಕ್ಕ ಪರಿಶೋಧಕಿಯ ಗಂಡ ಒಂದು ಕಾಫಿಯನ್ನೂ ಆಫೀಸಿನ ಬಿಲ್ಲಿಗೆ ಸೇರಿಸುವಂತಿಲ್ಲ. ನನ್ನ ಟಿಕೆಟ್, ನನ್ನ ಊಟ, ರೂಮಿಗೆ ಎರಡನೆಯವರು ಬಂದದ್ದಕ್ಕೆ ಬೀಳುವ ಹೆಚ್ಚಿನ ಬಾಡಿಗೆ, ಎಲ್ಲಕ್ಕೂ ಬೇರೆ ಬಿಲ್ಲು, ನನ್ನ ಜೇಬು. ಬ್ರಾಂಚ್ ಮ್ಯಾನೇಜರು ಸೌಜನ್ಯಕ್ಕೆಂದು ‘ಸಾರ್‌ಗೆ ಊರು ತೋರಿಸೋಕೆ ಕಾರು ಕಳಿಸ್ತೀನಿ ಮೇಡಂ’ ಎನ್ನುತ್ತಾರೆ. ಹತ್ತಬಾರದು. ಬೆಳಗ್ಗೆ ಗಂಡ ಹತ್ತಿದ ಕಾರು ಸಂಜೆ ಹೆಂಡತಿಯ ವರದಿಯ ಮೇಲೆ ಬಂದು ನಿಲ್ಲುತ್ತದೆ. ಸಿಟಿ ಬಸ್ಸು, ಆಟೋ, ಕಾಲು ಇರುವುದು ಯಾತಕ್ಕೆ? ಬ್ರಾಂಚಿನ ಬಾಗಿಲಿಗೆ ಹೋಗಿ ಕಾಯುವುದು, ಮಧ್ಯಾಹ್ನ ಫೋನು ಮಾಡಿ ‘ಎಷ್ಟೊತ್ತಿಗೆ ಬರ್ತೀಯ?’ ಎನ್ನುವುದು ಕೂಡ ಈ ಹವ್ಯಾಸದಲ್ಲಿ ನಿಷಿದ್ಧ. ಆಕೆ ಬಂದದ್ದು ದುಡಿಯಲು. ಊರು ನೋಡುವ ಸುಖ ನಮ್ಮದು, ಹೊಂದಿಕೊಳ್ಳುವ ಜವಾಬ್ದಾರಿಯೂ ನಮ್ಮದೇ.

ರೈಲು ಸಿಗುವ ಕಡೆಗೆ ನಾನು ವಿಮಾನ ಬೇಡವೆನ್ನುತ್ತೇನೆ. ಫಸ್ಟ್ ಎಸಿಯಲ್ಲಿ ನಾಲ್ಕು ಬರ್ತಿನ ಕ್ಯಾಬಿನ್ ಜೊತೆಗೆ ಎರಡೇ ಬರ್ತಿನ ಕೂಪೆಯೂ ಇರುತ್ತದೆ. ಇಬ್ಬರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಅದು ಸಿಗುವ ಆಸೆ ಇಟ್ಟುಕೊಳ್ಳಬಹುದು. ಸಿಕ್ಕಿತೋ ಇಲ್ಲವೋ ಚಾರ್ಟ್ ಆದ ಮೇಲಷ್ಟೇ ಗೊತ್ತು. ಸಿಕ್ಕರೆ ಹೋಗುವಾಗ ಆಕೆ ಹಳೆಯ ವರದಿ ಓದುತ್ತಾಳೆ, ಬರುವಾಗ ನಿದ್ದೆ ಮಾಡುತ್ತಾಳೆ. ಮಾತು ನಡುವಿನ ಸ್ಟೇಷನ್ನುಗಳಲ್ಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಟೂರ್ ಬಿದ್ದಿದ್ದರೆ ಊರು ಸಣ್ಣದೆಂದು ಮೂಗು ಮುರಿಯದೆ ಜೊತೆಗೆ ಹೊರಡಿ. ಟಿಕೆಟ್ ನಿಮ್ಮ ದುಡ್ಡಿನಲ್ಲಿ ತೆಗೆಸಿ, ಹಗಲು ಒಬ್ಬರೇ ಸುತ್ತಿ, ಸಂಜೆ ಆರರ ಮೇಲಿನ ಹೊತ್ತನ್ನು ಬೇರೆ ಯಾರಿಗೂ ಕೊಡಬೇಡಿ. ಮಾರ್ಚ್ ತಿಂಗಳಲ್ಲಿ ಮಾತ್ರ ಬೇಡ. ಬ್ಯಾಂಕಿನವರಿಗೆ ಆಗ ಸಂಜೆಯೇ ಇರುವುದಿಲ್ಲ.