ಹಸಿರು ಪೆಟ್ಟಿಗೆಯ ಮಡಿ

ಸಸ್ಯಾಹಾರದ ಬೋಧನೆ ನಮ್ಮ ಮಠಗಳಿಗೆ ಹೊಸದಲ್ಲ. ಆ ಬೋಧನೆಯ ಹೊಣೆಯನ್ನು ವ್ಯಾಪಾರ ಸಂಸ್ಥೆಗಳು ಹೊತ್ತುಕೊಂಡಿರುವುದು ಮಾತ್ರ ಹೊಸದು. ಮೊಬೈಲಿನ ಮೂಲಕ ಊಟ ತರಿಸಿಕೊಳ್ಳುವ ರೂಢಿ ನಮ್ಮ ಭಕ್ತರ ಮನೆಗಳನ್ನೂ ಹೊಕ್ಕಿರುವುದರಿಂದ, ಇಂಥ ಪ್ರಯತ್ನಗಳ ಗುಣದೋಷಗಳನ್ನು ವಾಚಕರು ವಿವೇಚಿಸುವುದು ಉಚಿತ.

2024ರ ಮಾರ್ಚ್ 19ರಂದು ಜೊಮ್ಯಾಟೊ ಸಂಸ್ಥೆಯು 'ಶುದ್ಧ ಸಸ್ಯಾಹಾರ'ದ ವ್ಯವಸ್ಥೆಯೊಂದನ್ನು ಪ್ರಕಟಿಸಿತು. ಅದನ್ನು ಆರಿಸಿಕೊಂಡವರಿಗೆ ಸಸ್ಯಾಹಾರವನ್ನಷ್ಟೇ ಬೇಯಿಸುವ ಹೋಟೆಲುಗಳು ಮಾತ್ರ ಕಾಣಿಸುವವು. ಊಟ ತರುವವರ ತಂಡವೇ ಬೇರೆ. ಅವರ ಅಂಗಿ ಹಸಿರು, ಪೆಟ್ಟಿಗೆಯೂ ಹಸಿರು. ಮರುದಿನವೇ ಆ ಬಣ್ಣವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೆಂಪು ಅಂಗಿಯವರೆಲ್ಲ ಮಾಂಸ ಹೊತ್ತವರೆಂದು ಬಗೆದು ವಸತಿ ಸಮುಚ್ಚಯಗಳ ಬಾಗಿಲಲ್ಲಿ ಅವರನ್ನು ತಡೆದಾರು, ಊಟ ತರಿಸಿದ ಬಾಡಿಗೆದಾರರಿಗೂ ಮನೆಯೊಡೆಯರಿಂದ ತೊಂದರೆಯಾದೀತು ಎಂಬುದನ್ನು ಸಂಸ್ಥೆಯ ಅಂದಿನ ಮುಖ್ಯಸ್ಥರಾದ ದೀಪಿಂದರ್ ಗೋಯಲ್ ಅವರೇ ಒಪ್ಪಿದರು. ಬಣ್ಣವನ್ನು ಬಿಟ್ಟರೂ ಪ್ರತ್ಯೇಕ ತಂಡವನ್ನು ಬಿಡುವುದಿಲ್ಲವೆಂದರು.

ಒಂದೇ ಪೆಟ್ಟಿಗೆಯಲ್ಲಿ ಸಾರು ಚೆಲ್ಲಿ ಮುಂದಿನವರ ಊಟಕ್ಕೆ ವಾಸನೆ ತಗಲುವುದುಂಟು; ಆ ಅಸಮಾಧಾನ ಸಹಜವಾದುದೇ. ಆದರೆ ಅದಕ್ಕೆ ಬೇಕಾದುದು ಭದ್ರವಾದ ಮುಚ್ಚಳವೇ ಹೊರತು ಮನುಷ್ಯರ ವಿಂಗಡಣೆಯಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಪರಂಪರೆಯವರು, ಬಿಸಿಲಲ್ಲಿ ಅನ್ನ ಹೊತ್ತು ಬರುವವನ ಅಂಗಿಯ ಬಣ್ಣದಿಂದ ಮಡಿಮೈಲಿಗೆಗಳನ್ನು ಅಳೆಯುವುದು ಹೇಗೆ? ದಯೆಯಿಂದ ಹುಟ್ಟಬೇಕಾದ ಆಹಾರನಿಯಮವು ಇಲ್ಲಿ ಕುಲಲಾಂಛನವಾಗಿ ಪರಿಣಮಿಸಿತು. ನನ್ನ ಮುಖ್ಯ ಆಕ್ಷೇಪವೇ ಇದು.

ಇನ್ನೊಂದು ಆಕ್ಷೇಪವೂ ಇದೆ. ಈ ವ್ಯವಸ್ಥೆಯಿಂದ ಹೊಸಬರು ಯಾರು ಸಸ್ಯಾಹಾರದತ್ತ ತಿರುಗಿದಾರು? ಮೊದಲೇ ಸಸ್ಯಾಹಾರಿಗಳಾದವರ ಕಣ್ಣಿಗೆ ಮಾಂಸ ಬೀಳದಂತಾಯಿತು, ಅಷ್ಟೇ. ಎರಡೂ ಬಗೆಯ ಅಡುಗೆ ಮಾಡುವ ಖಾನಾವಳಿಯ ಒಳ್ಳೆಯ ಕಾಳುಪಲ್ಯವೂ ಆ ಪಟ್ಟಿಯಿಂದ ಮರೆಯಾಯಿತು! ಇದಕ್ಕೆ ವಿರುದ್ಧವಾದ ಮಾರ್ಗವೊಂದನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿನ ಭೋಜನಶಾಲೆಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ನಾಲ್ಕು ಭಕ್ಷ್ಯಗಳಲ್ಲಿ ಒಂದರ ಬದಲು ಎರಡು ಮಾಂಸರಹಿತವಾದಾಗ ಅವುಗಳ ಮಾರಾಟವು ಹಿಂದಿದ್ದುದಕ್ಕಿಂತ ಶೇಕಡಾ 41ರಿಂದ 79ರವರೆಗೆ ಹೆಚ್ಚಿತು. ಅಲ್ಲಿ ಯಾರನ್ನೂ ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ.

ಹಸಿರು ಚುಕ್ಕೆಯನ್ನು ನಂಬಿ ಪನೀರು ಬೆಣ್ಣೆಗಳನ್ನೇ ತರಿಸುವವರೂ ಒಂದು ಮಾತನ್ನು ತಿಳಿಯಬೇಕು: ಆ ಗುರುತು ಹಾಲಿನ ಪದಾರ್ಥಗಳಿಗೂ ಸಲ್ಲುತ್ತದೆ. ಕೇವಲ ಸಸ್ಯಮೂಲದ ಆಹಾರವೆಂದರೆ ನಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಇವು ಪರದೆಯ ಮೇಲೆ ಹೇಗೆ ಕಾಣುತ್ತವೆ ನೋಡಿರಿ. 'ರೊಟ್ಟಿ ಊಟ' ಎಂಬ ಎರಡು ಪದಗಳು, ಚಿತ್ರವಿಲ್ಲ, ವಿವರಣೆಯಿಲ್ಲ, ಸ್ಥಾನವೂ ಕೆಳಗೆ. ಖಾನಾವಳಿ ನಡೆಸುವ ಭಕ್ತರು ಪ್ರತಿಯೊಂದು ಪದಾರ್ಥದ ಹೆಸರನ್ನೂ ಚಿತ್ರವನ್ನೂ ಕೊಡಬೇಕು. ಇಂಥ ಸಂಸ್ಥೆಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಅವನ್ನು ಬೇರೆ ಕೋಣೆಗೆ ತಳ್ಳದೆ ಎಲ್ಲರ ಪಟ್ಟಿಯ ಮೊದಲ ಸಾಲಿಗೆ ತರುವ ಬಗೆಯನ್ನು ಯೋಚಿಸಲಿ.