ನಾಣ್ಯಕ್ಕೆ ಒಪ್ಪಿಸಿದ ನ್ಯಾಯ

ದುರಂತ ಪ್ರತಿನಾಯಕನ ಕಲ್ಪನೆ ಕನ್ನಡ ವಿಮರ್ಶೆಗೆ ಹೊಸದಲ್ಲ. ನಾಗಚಂದ್ರನ ರಾವಣನನ್ನು ಬಿ. ಎಂ. ಶ್ರೀಕಂಠಯ್ಯನವರು ಆ ದೃಷ್ಟಿಯಿಂದ ವಿವೇಚಿಸಿದ ಮೇಲೆ, ಖಳನೆಂದು ಹೆಸರಾದವನಲ್ಲಿಯೂ ಉದಾತ್ತ ಚೇತನವೊಂದರ ಪತನವನ್ನು ಕಾಣುವ ಅಭ್ಯಾಸ ನಮ್ಮ ಓದುಗರಿಗೆ ಬೆಳೆದು ಬಂದಿದೆ. ಆ ಒರೆಗಲ್ಲಿಗೆ ಹತ್ತು ಸೆಂಟಿನ ಅಮೆರಿಕನ್ ಕಾಮಿಕ್ ಪುಸ್ತಕವೊಂದನ್ನು ಉಜ್ಜಿ ನೋಡುವುದು ಕೆಲವರಿಗೆ ವಿನೋದವೆನಿಸಬಹುದು. ಆದರೆ 1942ರ ಆಗಸ್ಟ್ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್' 66ನೆಯ ಸಂಚಿಕೆಯಲ್ಲಿ ಬಿಲ್ ಫಿಂಗರ್ ಬರೆದು, ಬಾಬ್ ಕೇನ್ ಹೆಸರಿನಲ್ಲಿ ಪ್ರಕಟವಾದ ಬ್ಯಾಟ್‌ಮನ್ ಕಥೆ ಆ ಪರೀಕ್ಷೆಗೆ ಅನರ್ಹವಲ್ಲ.

ಕಥಾವಸ್ತು ಸರಳವಾದುದು. ಹಾರ್ವೆ ಕೆಂಟ್ (ಮುಂದೆ ಈ ಹೆಸರು ಡೆಂಟ್ ಎಂದು ಬದಲಾಯಿತು) ರೂಪವಂತ, ಪ್ರಾಮಾಣಿಕ ಸರ್ಕಾರಿ ವಕೀಲ. ಮೊರೋನಿ ಎಂಬ ಪಾತಕಿಯ ವಿಚಾರಣೆಯಲ್ಲಿ ಅವನು ಬೆಳ್ಳಿಯ ನಾಣ್ಯವೊಂದನ್ನು ಸಾಕ್ಷ್ಯವಾಗಿ ಮುಂದಿಡುತ್ತಾನೆ. ಅದರ ಎರಡು ಪಕ್ಕಗಳಲ್ಲಿಯೂ ಒಂದೇ ಮುದ್ರೆ. ಸಿಕ್ಕಿಬಿದ್ದ ಮೊರೋನಿ ನ್ಯಾಯಾಲಯದಲ್ಲಿಯೇ ಆಮ್ಲವೆರಚುತ್ತಾನೆ. ವಕೀಲನ ಅರ್ಧ ಮುಖ ಸುಟ್ಟುಹೋಗುತ್ತದೆ. ಅದನ್ನು ಸರಿಪಡಿಸಬಲ್ಲ ವೈದ್ಯನು ಜರ್ಮನಿಯಲ್ಲಿ ನಾಜಿಗಳ ಸೆರೆಯಲ್ಲಿದ್ದಾನೆ. ಕಂಡವರ ಭಯಕ್ಕೆ ಗುರಿಯಾದ ಹಾರ್ವೆ ಅದೇ ನಾಣ್ಯದ ಒಂದು ಪಕ್ಕವನ್ನು ಗೀಚಿ ವಿಕಾರಗೊಳಿಸಿ, ಅದನ್ನು ಚಿಮ್ಮಿ ನೋಡಿ ಬದುಕತೊಡಗುತ್ತಾನೆ. ಗೀಚಿದ ಪಕ್ಕ ಬಿದ್ದರೆ ಪಾತಕ, ನಯವಾದ ಪಕ್ಕ ಬಿದ್ದರೆ ಪರೋಪಕಾರ. ಇವನೇ ಟೂ-ಫೇಸ್, ಎಂದರೆ ದ್ವಿಮುಖ.

ಆಮ್ಲದಿಂದಾದ ಗಾಯವೇ ಇಲ್ಲಿಯ ದುರಂತವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅದು ದುರದೃಷ್ಟ, ದುರಂತವಲ್ಲ. ಸಾಕ್ಷ್ಯವನ್ನು ತೂಗಿ ನೋಡುವುದೇ ವೃತ್ತಿಯಾಗಿದ್ದವನು ಸಾಕ್ಷ್ಯವಸ್ತುವನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದುದು ದುರಂತ. ಇನ್ನೂ ಸೂಕ್ಷ್ಮವಾದ ಸಂಗತಿಯೊಂದುಂಟು. ಎರಡು ಪಕ್ಕಗಳೂ ಒಂದೇ ಆಗಿರುವ ನಾಣ್ಯ ಏನನ್ನೂ ತೀರ್ಮಾನಿಸಲಾರದು. ಅದಕ್ಕೆ ತೀರ್ಪು ಕೊಡುವ ಶಕ್ತಿ ಬಂದುದು ಹಾರ್ವೆಯ ಗೀರಿನಿಂದ. ಯಾವುದನ್ನು ಅವನು ವಿಧಿಯೆಂದು ಕರೆಯುತ್ತಾನೆಯೋ ಅದನ್ನು ಅವನ ಕೈಯೇ ಕೆತ್ತಿದೆ.

ನಾಗಚಂದ್ರನ ರಾವಣನೊಡನೆ ಹೋಲಿಸಿದರೆ ಈ ಅಂತರ ನಿಚ್ಚಳವಾಗುತ್ತದೆ. ಸೀತೆಯ ಶೀಲವನ್ನು ಕಂಡು ಆ ರಾವಣನ ಮನಸ್ಸು ತಿರುಗುತ್ತದೆ. ಆದರೆ ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಕೆಡಿಸುತ್ತದೆ. ಒಳಿತು, ಕೆಡುಕು, ಅವುಗಳ ಹೋರಾಟ ಎಲ್ಲವೂ ಅವನ ಅಂತರಂಗದಲ್ಲಿಯೇ ನಡೆಯುತ್ತವೆ. ಹಾರ್ವೆಯಾದರೋ ಆ ಹೋರಾಟವನ್ನೇ ಹೊರಗೆ ಹಾಕಿದವನು. ಶರಣಾಗೆಂದು ಬ್ಯಾಟ್‌ಮನ್ ಬೇಡಿದಾಗಲೂ ಅವನು ನಾಣ್ಯವನ್ನೇ ಚಿಮ್ಮುತ್ತಾನೆ. ಅದು ನೆಲದ ಬಿರುಕಿನಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ. ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ವಾಚಕರನ್ನು ಮುಂದಿನ ಕಂತಿಗೆ ಸೆಳೆಯುವ ಉಪಾಯವಾದರೂ, ತೀರ್ಪನ್ನು ತ್ಯಜಿಸಿದವನಿಗೆ ತೀರ್ಪು ದೊರೆಯದೆಂಬ ಅರ್ಥ ಅಲ್ಲಿ ತಾನಾಗಿ ಸ್ಫುರಿಸುತ್ತದೆ.

ದೋಷಗಳಿಲ್ಲವೆಂದಲ್ಲ. ವಿಕಾರವಾದ ಮುಖ ದುಷ್ಟತನದ ಗುರುತೆಂಬ ಸವಕಲು ಸಂಪ್ರದಾಯವನ್ನು ಕಥೆ ಪ್ರಶ್ನಿಸದೆ ಬಳಸಿಕೊಂಡಿದೆ. ಗಾಯಗೊಂಡವರಿಗೆ ಇದರಿಂದಾಗುವ ಅನ್ಯಾಯ ಅಲ್ಪವಲ್ಲ. 1943ರ ಅಕ್ಟೋಬರಿನ 80ನೆಯ ಸಂಚಿಕೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಮುಖ ಸರಿಹೋಗುವುದರೊಡನೆ ಅವನ ಪಾತಕಜೀವನವೂ ಮುಗಿಯುವುದು ಆ ದೋಷದ ಪರಾಕಾಷ್ಠೆ. ವ್ಯಾಧಿ ಚರ್ಮದ್ದಾಗಿದ್ದರೆ ನಾಣ್ಯದ ಆವಶ್ಯಕತೆಯೇ ಇರಲಿಲ್ಲ. 1954ರಲ್ಲಿ ಸ್ಫೋಟವೊಂದು ಅದೇ ಮುಖವನ್ನು ಮತ್ತೆ ಕೆಡಿಸಿ ಅವನನ್ನು ಹಳೆಯ ದಾರಿಗೆ ಎಳೆದುದೂ ಈ ತಪ್ಪಿನ ಪುನರಾವೃತ್ತಿಯೇ.

ಮುಂದಿನ ಕಥೆಗಾರರು ಕಾರಣವನ್ನು ಒಳಗೆ ಹುಡುಕಿದರು. 1990ರ ಕಥನವೊಂದರಲ್ಲಿ, ಮಗನನ್ನು ಹೊಡೆಯಬೇಕೋ ಬೇಡವೋ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುವ ಕ್ರೂರ ತಂದೆ ಕಾಣಿಸಿಕೊಳ್ಳುತ್ತಾನೆ. ಮನಶ್ಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚು ಸುಸಂಗತ. ಆದರೆ ಆಯ್ಕೆಯ ಭಾರ ಬಾಲ್ಯಕ್ಕೆ ಜಾರಿದಷ್ಟೂ ಹಾರ್ವೆಯ ಹೊಣೆ ಹಗುರವಾಗುತ್ತದೆ; ಕರುಣೆ ಹೆಚ್ಚುತ್ತದೆ, ಭಯ ಕುಗ್ಗುತ್ತದೆ.

ಒರಟು ರೇಖೆಗಳ 1942ರ ಕಥೆ ಇಂದಿಗೂ ಕಾಡುವುದು ಈ ಭಯದಿಂದಲೇ. ಅಲ್ಲಿಯ ಹಾರ್ವೆ ಹುಟ್ಟಿನಿಂದ ಶಾಪಗ್ರಸ್ತನಲ್ಲ. ಯೋಚಿಸಬಲ್ಲವನಾಗಿದ್ದೂ ಯೋಚಿಸುವ ನೋವನ್ನು ಒಲ್ಲದವನು. ಆ ಪ್ರಲೋಭನೆಗೆ ಸುಟ್ಟ ಮುಖವೇ ಬೇಕೆಂದಿಲ್ಲ.