ಪರದೇಶವೂ ನಿಸರ್ಗಚಿತ್ರವೂ

ವಿದೇಶಕ್ಕೆ ಹೋದ ಚಿತ್ರಕಾರನು ಅಲ್ಲಿಯ ಶೈಲಿಯನ್ನು ಹೊತ್ತು ತರುವನೆಂಬುದು ಸಾಮಾನ್ಯವಾದ ಭಾವನೆ. ಆದರೆ ಸೈಯದ್ ಹೈದರ್ ರಝಾ ಅವರ ಕೃತಿಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಬಂದವರಿಗೆ, ಪರದೇಶವು ಕೊಟ್ಟುದಕ್ಕಿಂತ ಕಣ್ಣೆದುರಿನಿಂದ ದೂರಮಾಡಿದುದೇ ಆ ಕಲಾವಿದರನ್ನು ಅಮೂರ್ತದ ಕಡೆಗೆ ನಡೆಸಿತೆಂದು ತೋರದಿರದು.

ನರ್ಮದೆಯ ಅರಣ್ಯಸೀಮೆಯಾದ ಮಂಡ್ಲಾದಲ್ಲಿ ಬಾಲ್ಯವನ್ನು ಕಳೆದು, ಮುಂಬಯಿಯ ಬೀದಿಗಳನ್ನು ಜಲವರ್ಣದಲ್ಲಿ ಬರೆದು ಹೆಸರು ಪಡೆದಿದ್ದ ಅವರ ಚಿತ್ರಗಳನ್ನು 1948ರಲ್ಲಿ ಕಾಶ್ಮೀರದಲ್ಲಿ ಕಂಡ ಫ್ರೆಂಚ್ ಛಾಯಾಗ್ರಾಹಕ ಕಾರ್ತಿಯೆ ಬ್ರೆಸೋಂ, ಪ್ರತಿಭೆಯುಂಟಾದರೂ ಬಂಧ ಸಾಲದೆಂದೂ ಸೆಜಾನನನ್ನು ಅಭ್ಯಸಿಸಬೇಕೆಂದೂ ಸೂಚಿಸಿದರು. 1950ರಲ್ಲಿ ಫ್ರೆಂಚ್ ಸರಕಾರದ ವಿದ್ಯಾರ್ಥಿವೇತನದಿಂದ ಪ್ಯಾರಿಸನ್ನು ಸೇರಿದ ರಝಾ ಆ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಮೊದಲ ವರ್ಷಗಳಲ್ಲಿ ಅವರು ಬರೆದ ದಕ್ಷಿಣ ಫ್ರಾನ್ಸಿನ ಗ್ರಾಮಗಳಲ್ಲಿ ಮನುಷ್ಯರ ಸುಳಿವೇ ಇಲ್ಲ. ರೇಖಾಬದ್ಧವಾದ ಮನೆಗಳು, ಮೇಲೊಬ್ಬ ಕರಿಯ ಸೂರ್ಯ, ಇಷ್ಟೆ.

ಬಂಧವು ಕೈವಶವಾದ ಬಳಿಕ ಅದನ್ನು ಸಡಿಲಿಸುವ ಧೈರ್ಯವನ್ನು ಅಮೆರಿಕೆ ಕೊಟ್ಟಿತು. 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಅತಿಥಿ ಬೋಧಕರಾಗಿದ್ದಾಗ ಮಾರ್ಕ್ ರಾಥ್ಕೋ ಅವರ ಕೃತಿಗಳ ಪ್ರಭಾವಕ್ಕೆ ಒಳಗಾಗಿ, ವರ್ಣವು ವಸ್ತುವಿನ ಆಸರೆಯಿಲ್ಲದೆಯೂ ನಿಲ್ಲಬಲ್ಲುದೆಂಬುದನ್ನು ಮನಗಂಡರು. ಮುಂದೆ, ನಿಧಾನವಾಗಿ ಒಣಗುವ ತೈಲವರ್ಣವನ್ನು ಬಿಟ್ಟು ಬೇಗನೆ ಆರುವ ಅಕ್ರಿಲಿಕ್ಕನ್ನು ಹಿಡಿದುದರಿಂದ ಕುಂಚಕ್ಕೆ ಹೊಸ ವೇಗವೂ ಬಂದಿತು. ಮನೆಗಳೂ ಗೋಪುರಗಳೂ ಕರಗಿಹೋದ ಆ ತೆರವಿನಲ್ಲಿ ಬಂದು ನೆಲಸಿದುದು ಪ್ರೊವಾನ್ಸಿನ ನೆಲವಲ್ಲ, ಕ್ಯಾಲಿಫೋರ್ನಿಯದ ನೆಲವೂ ಅಲ್ಲ. ಎದುರಿಗಿಲ್ಲದ ಕಾರಣದಿಂದಲೇ ಆಕಾರವನ್ನು ಕಳೆದುಕೊಂಡು, ಕಪ್ಪಾಗಿ, ಕೆಂಪಾಗಿ, ಕಾವಿಯಾಗಿ ಮಾತ್ರ ಸ್ಮೃತಿಯಲ್ಲಿ ಉಳಿದಿದ್ದ ಮಧ್ಯಭಾರತದ ಅಡವಿಯ ಇರುಳು, ರಾಜಸ್ಥಾನದ ಬಿಸಿಲು. ಬೆಟ್ಟವನ್ನು ನೋಡುತ್ತ ಬರೆಯುವವನಿಗೆ ಅದರ ಅಂಚು ತಪ್ಪದು. ಸಾವಿರಾರು ಮೈಲಿ ಆಚೆ ಕುಳಿತು ನೆನೆಯುವವನಿಗೆ ಅಂಚು ಮೊದಲು ಮಾಸಿ, ಬಣ್ಣವೂ ಬೇಗೆಯೂ ನಿಲ್ಲುತ್ತವೆ.

ಆದುದರಿಂದ ಅವರ ‘ರಾಜಸ್ಥಾನ’, ‘ಲಾ ತೆರ್’ ಮೊದಲಾದ 1970ರ ದಶಕದ ಕೃತಿಗಳನ್ನು ಅಮೂರ್ತವೆಂದು ಬದಿಗಿಡದೆ ನಿಸರ್ಗಚಿತ್ರಗಳೆಂದೇ ನೋಡತಕ್ಕದ್ದು. ಆ ದಶಕದ ಕೊನೆಯ ವೇಳೆಗೆ ನೆಲೆಗೊಂಡು, ಬಳಿಕ ಅವರ ಮುದ್ರೆಯೇ ಆಗಿಹೋದ ಬಿಂದುವಿನ ಚಿತ್ರಗಳ ಪ್ರಶಾಂತಿಯನ್ನು ಮೆಚ್ಚುವವರು ಬಹುಮಂದಿ. ನನ್ನ ಅಭಿರುಚಿಗಾದರೋ, ನೆನಪು ಇನ್ನೂ ತನ್ನ ರೂಪವನ್ನು ಅರಸುತ್ತಿದ್ದ, ಅದಕ್ಕೆ ಹಿಂದಿನ ವರ್ಷಗಳೇ ಹಿರಿದು. ಬಿಂದು ದೊರೆತ ಮೇಲೆ ಅವರಿಗೆ ಸಮಾಧಾನ ದೊರೆಯಿತು. ಚಿತ್ರಗಳಲ್ಲಿ ಪುನರುಕ್ತಿಯೂ ಹೆಚ್ಚಿತು.